ಕೂದಲೆಳೆ

ನಾರ್ಮಂಡಿಯಲ್ಲಿ, ಗೋಧಿ ಹೊಲ ಮುಗಿದು
ಮುಳ್ಳುತಂತಿ ಶುರುವಾಗುವಲ್ಲಿ, ನೆಲಮಾಳಿಗೆಯಲ್ಲಿ
ನನ್ನ ಕೆಲಸ: ಏನೂ ಇಲ್ಲದ್ದನ್ನು ತಯಾರಿಸುವುದು.
ಮೂವತ್ತೊಂದು ವರ್ಷದಿಂದ ಗಾಳಿ ಹೀರಿ ಹೊರಗೆ ಹಾಕುತ್ತಿದ್ದೇನೆ.
ಅಕ್ಕ ಜಿನೆಟ್ ಸೇಬು ಹಿಂಡುತ್ತಾಳೆ, ಬಾಟಲಿ ಕಳಿಸುತ್ತಾಳೆ;
ನಿನ್ನದೆಲ್ಲಿ, ಎಂದು ಕೇಳುತ್ತಾಳೆ ಪ್ರತಿ ಕ್ರಿಸ್‌ಮಸ್ಸಿಗೂ.
ಏನು ತೋರಿಸಲಿ?

ಆರು ಉಂಗುರ. ಉಕ್ಕಿನವು.
ಗ್ಲೌಸಿಲ್ಲದೆ ಒಮ್ಮೆ ಮುಟ್ಟಿದರೆ ಸಾಕು,
ಬೆರಳಿನ ಜಿಡ್ಡು ತಿಂಗಳುಗಟ್ಟಲೆ ಒಳಗೆ ಉಸಿರಾಡುತ್ತದೆ.
ಅವುಗಳ ನಡುವಿನ ಬಯಲಿಗೆ ಗೋಡೆಯಿಲ್ಲ, ಬಾಗಿಲಿಲ್ಲ.
ಎಳೆದ ಕೈಯೇ ಮರುಗಳಿಗೆ ತಳ್ಳುತ್ತದೆ,
ಸೆಕೆಂಡಿಗೆ ಹತ್ತು ಲಕ್ಷ ಸಲ.
ಕುದುರೆಯ ಜೀನಿನ ಮೇಲೆ ಗೋಲಿ ಇಟ್ಟು ನೋಡಿ: ಉರುಳುತ್ತದೆ.
ಜೀನನ್ನೇ ಗಿರಗಿರ ತಿರುಗಿಸಿ: ನಿಲ್ಲುತ್ತದೆ
ನಡುಗುತ್ತ, ಬೀಳಲು ಪುರುಸೊತ್ತಿಲ್ಲದೆ.
ಇದನ್ನು ನನಗೆ ಹೇಳಿಕೊಟ್ಟವನು ಗುಲ್ವೆನ್,
ಇಪ್ಪತ್ತಾರರ ಬ್ರೆಟನ್ ಹುಡುಗ, ಥೀಸಿಸ್ಸಿನ ಮೂರನೇ ವರ್ಷ,
ಕ್ಯಾಂಟೀನಿನ ತಟ್ಟೆ ತಿರುಗಿಸಿ, ಬಟಾಣಿಯೆಲ್ಲ ಚೆಲ್ಲಿ.

ಬರುವ ಅತಿಥಿ ಹೀಲಿಯಂ ಆರು.
ಬಲೂನಿನದಲ್ಲ. ಇದಕ್ಕೆ ಎರಡು ನ್ಯೂಟ್ರಾನ್ ಹೊರೆ ಜಾಸ್ತಿ,
ಆಯುಸ್ಸು ಕಮ್ಮಿ: ಬಂದವರಲ್ಲಿ ಅರ್ಧ ಜನ
ಸೆಕೆಂಡು ತುಂಬುವುದರೊಳಗೆ ಇರುವುದಿಲ್ಲ.
ಹೋಗುವಾಗ ಲಿಥಿಯಂ ಆಗಿ ಒಂದು ಕಡೆ ಜರುಗುತ್ತದೆ,
ಎಲೆಕ್ಟ್ರಾನ್ ಇನ್ನೊಂದು ಕಡೆ ಸಿಡಿಯುತ್ತದೆ.
ಎರಡನ್ನೂ ಹಿಡಿಯುತ್ತೇವೆ. ಲೆಕ್ಕ ಕೂಡುವುದಿಲ್ಲ.
ಮೂರನೆಯದೊಂದು ಇತ್ತು;
ಸೀಸ, ಕಾಂಕ್ರೀಟು, ಗೋಧಿ, ಭೂಮಿ
ಯಾವುದರ ಮೈಗೂ ತಾಗದೆ ಹೊರಟುಹೋಯಿತು.

ಚಿಕ್ಕವಳಿದ್ದಾಗ ದೋಣಿಯ ತಳದಲ್ಲಿ ಮಲಗಿರುತ್ತಿದ್ದೆ,
ಮುಖದ ಮೇಲೆ ಮೀನುವಾಸನೆಯ ಕಂಬಳಿ.
ಯಾರಾದರೂ ಕಟ್ಟೆಗೆ ಹಾರಿದರೆ ದೋಣಿ ಹಿಂದಕ್ಕೆ ಸರಿಯುತ್ತಿತ್ತು.
ಇಷ್ಟು ಸರಿದರೆ ಅಪ್ಪ. ಇಷ್ಟೇ ಇಷ್ಟಾದರೆ ಅಣ್ಣ.
ಕಣ್ಣು ಬಿಡದೆ ಹೇಳುತ್ತಿದ್ದೆ.
ಇವರ ವಿಜ್ಞಾನವೂ ಅಷ್ಟೇ, ಕಂಬಳಿಯೊಂದಿಲ್ಲ.
ಆದರೆ ಗಾಳಿಯ ಒಂದು ಕಣ ಅಡ್ಡ ಬಂದರೂ
ದೋಣಿ ಸುಳ್ಳು ಹೇಳುತ್ತದೆ.

ಫೆಬ್ರವರಿ. ಗುರುವಾರ ಬೀಮು.
ಸೋಮವಾರ ಒತ್ತಡ ಇಳಿಯಲಿಲ್ಲ. ಮಂಗಳವಾರವೂ ಇಲ್ಲ.
ಸಣ್ಣ ನಳಿಕೆ ಹಿಡಿದು ಮಾಮೂಲಿ ಹೀಲಿಯಂ ಬಿಡುತ್ತ
ಒಂದೊಂದೇ ಜೋಡಣೆಯ ಸುತ್ತ ಹೋದೆ,
ಮಗುವಿನ ಗಂಜಿ ಆರಿಸುವವಳ ಹಾಗೆ.
ಹದಿನೇಳನೆಯ ಫ್ಲ್ಯಾಂಜಿನಲ್ಲಿ ಯಂತ್ರ ಚೀರಿತು.
ಬಿಚ್ಚಿದೆ. ತಾಮ್ರದ ಬಳೆಗೆ ಅಡ್ಡಲಾಗಿ
ಒಂದು ಕೂದಲು.
ಬುಡ ಬಿಳಿ, ತುದಿಯಲ್ಲಿ ನವೆಂಬರಿನ ಕಂದು ಬಣ್ಣ.
ಆ ಮಾಳಿಗೆಯಲ್ಲಿ ತಲೆಗೆ ಬಣ್ಣ ಹಚ್ಚುವವಳು ಒಬ್ಬಳೇ.

ಜೇಬಿಗಿಳಿಸಿದೆ. ಲಾಗ್‌ಬುಕ್ಕಿನಲ್ಲಿ ಬರೆದೆ:
‘ಗ್ಯಾಸ್ಕೆಟ್ ಬದಲಿಸಿದೆ. ಹಳೆಯದರಲ್ಲಿ ಗೀರು.’
ಗೀರು ಇದ್ದದ್ದು ನಿಜ.

ಗುರುವಾರ ಬೆಳಗಿನ ಜಾವ ಎಣಿಕೆ ಶುರುವಾಯಿತು.
ಕಪ್ಪು ಪರದೆಯ ಮೇಲೆ ಒಂದು ಚುಕ್ಕೆ,
ತುಂಬ ಹೊತ್ತು ಬಿಟ್ಟು ಇನ್ನೊಂದು, ಆಮೇಲೆ ಸುಗ್ಗಿ.
ಉತ್ತರ ಹೊರಡಲು ಎರಡು ವರ್ಷ ಬೇಕು;
ಪುಸ್ತಕದಲ್ಲಿ ಇರುವುದೇ ಬರಬಹುದು, ಇನ್ನೂ ಒಂದು ದಶಾಂಶ ಗಟ್ಟಿಯಾಗಿ.
ಗುಲ್ವೆನ್ ಪರದೆಯಿಂದ ಕಣ್ಣು ಕೀಳದೆ ಅಂದ:
‘ಇಷ್ಟು ಚೆಂದದ ಖಾಲಿ ನಾನು ನೋಡಿಲ್ಲ.’
ಕಾಫಿ ತಂದುಕೊಟ್ಟ. ಸಕ್ಕರೆ ಮರೆತಿದ್ದ.

ಶುಕ್ರವಾರ ನನ್ನ ಬೆಂಚಿನ ಮೇಲೆ ಒಂದು ಡಬ್ಬಿ.
ಚೀಟಿ ಇಲ್ಲ. ಒಳಗೆ ತೆಳುಬಟ್ಟೆಯ ಟೋಪಿಗಳು, ನೂರು,
ಕಿವಿಯವರೆಗೂ ಎಳೆದುಕೊಳ್ಳುವಂಥವು.
ಅವನ ಬೆಂಚಿನ ಮೇಲೂ ಅಂಥದೇ ಡಬ್ಬಿ, ಆಗಲೇ ಒಡೆದಿತ್ತು.
ಒಂದನ್ನು ಹಾಕಿಕೊಂಡೇ ಕೂತಿದ್ದ, ಅತ್ತ ತಿರುಗಿ,
ಇಪ್ಪತ್ತಾರಕ್ಕೇ
ಪೂರಾ ಬೋಳಾದ ಆ ತಲೆಗೆ.